ಸಂಜೆ 6 ಗಂಟೆ 11 ನಿಮಿಷ: ಚಿನ್ನ ಹುಟ್ಟಿಸಿದ ಡಿಕ್ಕಿಯೊಂದರ ಪ್ರಕರಣ ಅಧ್ಯಯನ

2017ರ ಆಗಸ್ಟ್ 17, ಗುರುವಾರ. ನಮ್ಮ ಕಾಲಮಾನದಲ್ಲಿ ಸಂಜೆ 6 ಗಂಟೆ 11 ನಿಮಿಷ 4 ಸೆಕೆಂಡಿಗೆ ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ಅತಿ ದಟ್ಟವಾದ, ಬಹುಪಾಲು ನ್ಯೂಟ್ರಾನ್‌ಗಳೇ ಇರುವ ಉಳಿಕೆಗಳು) ಒಂದಾದ ಸುದ್ದಿ ಗುರುತ್ವ ಅಲೆಯ, ಅಂದರೆ ದೇಶಕಾಲದಲ್ಲೇ ಏಳುವ ನಡುಕದ, ರೂಪದಲ್ಲಿ ಭೂಮಿಯನ್ನು ಮುಟ್ಟಿತು. ಡಿಕ್ಕಿ ನಡೆದದ್ದು ಸುಮಾರು 13 ಕೋಟಿ ವರ್ಷಗಳ ಹಿಂದೆ, ಹೈಡ್ರಾ ತಾರಾಪುಂಜದ ದಿಕ್ಕಿನಲ್ಲಿರುವ ಎನ್‌ಜಿಸಿ 4993 ಎಂಬ ಗ್ಯಾಲಕ್ಸಿಯಲ್ಲಿ. ಆ ಕ್ಷಣದಲ್ಲಿ ಹಾಸನದಿಂದ ಲೆಕ್ಕ ಹಾಕಿದರೆ ಆ ಗ್ಯಾಲಕ್ಸಿ ನೈಋತ್ಯದಲ್ಲಿ, ದಿಗಂತದಿಂದ ಸುಮಾರು 40 ಡಿಗ್ರಿ ಮೇಲಿತ್ತು. ಸೂರ್ಯ ಮುಳುಗಲು ಇನ್ನೂ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯವಿತ್ತು.

ಜಿಡಬ್ಲ್ಯು170817 ಎಂದು ದಾಖಲಾದ ಈ ಘಟನೆಯನ್ನು ‘ಚಿನ್ನ ಹುಟ್ಟುವುದನ್ನು ಕಣ್ಣಾರೆ ಕಂಡ ದಿನ’ ಎಂದು ಬಣ್ಣಿಸುವುದು ರೂಢಿಯಾಗಿದೆ. ಆ ಮಾತು ಪೂರ್ತಿ ಸರಿಯಲ್ಲ. ಅಲ್ಲಿ ಚಿನ್ನವನ್ನು ಯಾರೂ ಕಂಡಿಲ್ಲ. ಚಿನ್ನ ಆಗಿರಲೇಬೇಕು ಎಂದು ಹೇಳುವ ಲೆಕ್ಕದ ಸರಪಳಿಯೊಂದಿದೆ, ಅದು ಗಟ್ಟಿಯಾಗಿದೆ. ಆ ಸರಪಳಿಯ ಯಾವ ಕೊಂಡಿ ಅಳತೆಯಿಂದ ಬಂದದ್ದು, ಯಾವುದು ಲೆಕ್ಕದಿಂದ ಬಂದದ್ದು ಎಂಬುದನ್ನು ಬೇರ್ಪಡಿಸಿ ನೋಡುವುದು ಈ ಬರಹದ ಕೆಲಸ.

ಮೊದಲ ಕೊಂಡಿ: ತೂಕ

ಡಿಕ್ಕಿಗೆ ಮುನ್ನ ಎರಡೂ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತ ಹತ್ತಿರವಾಗುತ್ತವೆ. ಹತ್ತಿರವಾದಷ್ಟೂ ಸುತ್ತು ವೇಗವಾಗುತ್ತದೆ, ಅಲೆಯ ಆವರ್ತನ ಏರುತ್ತದೆ. ಈ ಏರಿಕೆಯ ಚುರುಕನ್ನು ನಿರ್ಧರಿಸುವುದು ಎರಡೂ ದ್ರವ್ಯರಾಶಿಗಳಿಂದ ಕಟ್ಟಿದ ಒಂದೇ ಒಂದು ಸಂಖ್ಯೆ, ಅದರ ಹೆಸರು ಚಿರ್ಪ್ ದ್ರವ್ಯರಾಶಿ. ಈ ಪ್ರಕರಣದಲ್ಲಿ ಅದು ಸೂರ್ಯನ 1.188 ಪಟ್ಟು ಎಂದು ಸಿಕ್ಕಿತು. ಇಡೀ ಪ್ರಕರಣದಲ್ಲಿ ಇಷ್ಟು ಕರಾರುವಾಕ್ಕಾದ ಅಳತೆ ಇನ್ನೊಂದಿಲ್ಲ.

ಇದನ್ನು ಹಾಸನದ ಯಾವ ಪದವಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಾದರೂ ಮಾಡಿ ನೋಡಬಹುದು. ಗುರುತ್ವ ಅಲೆ ಹಿಡಿಯುವ ಲೈಗೋ (ಅಮೆರಿಕದ ಲಿವಿಂಗ್‌ಸ್ಟನ್ ಮತ್ತು ಹ್ಯಾನ್‌ಫರ್ಡ್‌ನ ಎರಡು ಯಂತ್ರಗಳು) ಮತ್ತು ವರ್ಗೋ (ಇಟಲಿಯದು) ಪತ್ತೆಯಂತ್ರಗಳ ದತ್ತಾಂಶ ಎಲ್ಲರಿಗೂ ಉಚಿತವಾಗಿ ತೆರೆದಿದೆ. ಲಿವಿಂಗ್‌ಸ್ಟನ್ ಯಂತ್ರದ ಕಡತ ಸಾಕು. ಅಲ್ಲಿ ಸಂಕೇತ ಹಿನ್ನೆಲೆ ಗದ್ದಲದ 26 ಪಟ್ಟು ಬಲವಾಗಿತ್ತು, ಹ್ಯಾನ್‌ಫರ್ಡ್‌ನಲ್ಲಿ ಸುಮಾರು 19 ಪಟ್ಟು, ವರ್ಗೋದಲ್ಲಿ ಬರೀ 2. ಸೆಕೆಂಡಿಗೆ 4096 ಮಾದರಿಗಳಿರುವ, 2048 ಸೆಕೆಂಡ್ ಉದ್ದದ ಕಡತವನ್ನು ಇಳಿಸಿಕೊಳ್ಳಿ. ಜಿಪಿಎಸ್ ಕಾಲ 1187008882.4 ಎಂಬುದೇ ಡಿಕ್ಕಿಯ ಕ್ಷಣ. ಪೈಥಾನ್‌ನಲ್ಲಿ ಗದ್ದಲವನ್ನು ಸಮತಟ್ಟು ಮಾಡಿ, ಸಮಯ ಮತ್ತು ಆವರ್ತನದ ನಕ್ಷೆ ಬಿಡಿಸಿದರೆ ಕೆಳಗಿನಿಂದ ಮೇಲಕ್ಕೆ ಬಾಗಿ ಏರುವ ಒಂದು ತೆಳುಗೆರೆ ಕಾಣುತ್ತದೆ.

ಕಾಣದಿದ್ದರೆ ಹೆಚ್ಚಿನ ಸಲ ಕಾರಣ ಈ ನಾಲ್ಕರಲ್ಲಿ ಒಂದಾಗಿರುತ್ತದೆ. ಮೊದಲನೆಯದು, ತಪ್ಪು ಕಡತ. ಡಿಕ್ಕಿಗೆ 1.1 ಸೆಕೆಂಡ್ ಮುಂಚೆ ಲಿವಿಂಗ್‌ಸ್ಟನ್ ಯಂತ್ರದಲ್ಲೇ ಹುಟ್ಟಿದ ಒಂದು ದೊಡ್ಡ ಗದ್ದಲವಿದೆ. ಅದನ್ನು ತೆಗೆಯದ ಕಡತದಲ್ಲಿ ನಕ್ಷೆಯ ಬಣ್ಣವನ್ನೆಲ್ಲ ಅದೇ ನುಂಗಿಬಿಡುತ್ತದೆ, ಹಾಗಾಗಿ ಶುದ್ಧಗೊಳಿಸಿದ ಕಡತವನ್ನೇ ಆರಿಸಬೇಕು. ಎರಡನೆಯದು, ಕ್ಯೂ ಎಂಬ ಗುಣಾಂಕ, ಸಮಯ ಮತ್ತು ಆವರ್ತನಗಳಲ್ಲಿ ನಕ್ಷೆ ಯಾವುದನ್ನು ಹೆಚ್ಚು ಸೂಕ್ಷ್ಮವಾಗಿ ತೋರಿಸಬೇಕೆಂದು ಹೇಳುವ ಸಂಖ್ಯೆ. ಕಪ್ಪುಕುಳಿಗಳ ಚುಟುಕು ಸಂಕೇತಕ್ಕೆ ಹೊಂದುವ 10ರ ಆಸುಪಾಸಿನ ಬೆಲೆ ಇಲ್ಲಿ ನಡೆಯುವುದಿಲ್ಲ. ನಿಧಾನವಾಗಿ ಏರುವ ಈ ಗೆರೆಗೆ 100ರ ಆಸುಪಾಸು ಬೇಕು, ಇಲ್ಲದಿದ್ದರೆ ಗೆರೆ ಹರಡಿ ಮಾಯವಾಗುತ್ತದೆ. ಮೂರನೆಯದು, ಕಡತವನ್ನು ತೀರಾ ಬಿಗಿಯಾಗಿ ಕತ್ತರಿಸುವುದು. ಸೋಸುವಾಗ ತುದಿಗಳಲ್ಲಿ ಸುಳ್ಳು ಏರಿಳಿತ ಬರುತ್ತದೆ, ಬೇಕಾದ 60 ಸೆಕೆಂಡಿನ ಎರಡೂ ಬದಿಗೆ ಸಾಕಷ್ಟು ಅಂಚು ಬಿಡಿ. ನಾಲ್ಕನೆಯದು 60 ಹರ್ಟ್ಜ್‌ನ ಅಡ್ಡಗೆರೆ. ಅದು ಅಮೆರಿಕದ ವಿದ್ಯುತ್ ಜಾಲದ್ದು. ನಮ್ಮ ವಿದ್ಯಾರ್ಥಿಗಳು ಅಭ್ಯಾಸಬಲದಿಂದ 50ರಲ್ಲಿ ಹುಡುಕಿ, 60ರದ್ದನ್ನು ಸಂಕೇತವೆಂದು ತಿಳಿಯುವುದುಂಟು.

ಗೆರೆ ಸಿಕ್ಕಿತೆಂದರೆ ಉಳಿದದ್ದು ಓದುವ ಕೆಲಸ. ಡಿಕ್ಕಿಗೆ ಉಳಿದ ಸಮಯ 30 ಹರ್ಟ್ಜ್‌ನಲ್ಲಿ ಸುಮಾರು 55 ಸೆಕೆಂಡ್, 50ರಲ್ಲಿ 14, 100ರಲ್ಲಿ 2.2, 200ರಲ್ಲಿ 0.35 ಬರಬೇಕು. ಆವರ್ತನ ಇಮ್ಮಡಿಯಾದಾಗಲೆಲ್ಲ ಉಳಿದ ಸಮಯ 6.35 ಪಟ್ಟು ಕುಗ್ಗುತ್ತದೆ, ಏಕೆಂದರೆ ಅದು ಆವರ್ತನದ 8/3 ಘಾತಕ್ಕೆ ವಿಲೋಮ. ಈ ಅನುಪಾತ ಬಂದರೆ ನೀವು ನೋಡುತ್ತಿರುವುದು ನಿಜವಾದ ಸುರುಳಿ ಸುತ್ತು ಎಂದು ನಂಬಬಹುದು. ಸಮಯ ಓದುವಲ್ಲಿ ಶೇಕಡ 10 ತಪ್ಪಿದರೆ ಚಿರ್ಪ್ ದ್ರವ್ಯರಾಶಿಯಲ್ಲಿ ಶೇಕಡ 6ರಷ್ಟು ತಪ್ಪಾಗುತ್ತದೆ. ವಿಶ್ವದ ಹಿಗ್ಗುವಿಕೆಯಿಂದ ಇನ್ನೊಂದು ಶೇಕಡ 1ರ ತಿದ್ದುಪಡಿ ಇದೆ, ಕೈಲೆಕ್ಕದಲ್ಲಿ ಅದನ್ನು ಬಿಡಬಹುದು.

ಒಂದೊಂದೇ ನಕ್ಷತ್ರದ ತೂಕ ಇಷ್ಟು ಚೆನ್ನಾಗಿ ಸಿಗುವುದಿಲ್ಲ. ಅವು ತಮ್ಮ ಸುತ್ತ ತಾವೇ ಹೆಚ್ಚು ವೇಗವಾಗಿ ತಿರುಗುತ್ತಿರಲಿಲ್ಲ ಎಂದು ಹಿಡಿದರೆ ಒಂದು 1.36ರಿಂದ 1.60 ಸೂರ್ಯರಷ್ಟು, ಇನ್ನೊಂದು 1.17ರಿಂದ 1.36. ಒಟ್ಟು ಸುಮಾರು 2.74. ಕಪ್ಪುಕುಳಿಗಳಾಗಿದ್ದರೆ ಇದು ತೀರಾ ಕಡಿಮೆ ತೂಕ, ನ್ಯೂಟ್ರಾನ್ ನಕ್ಷತ್ರಗಳಿಗೆ ಸರಿಯಾದ ತೂಕ. ಜೊತೆಗೆ 1.7 ಸೆಕೆಂಡಿನ ನಂತರ ಫರ್ಮಿ ಉಪಗ್ರಹಕ್ಕೆ ಸುಮಾರು 2 ಸೆಕೆಂಡಿನ ಗಾಮಾ ಕಿರಣ ಸ್ಫೋಟ ಕಂಡಿತು. ಡಿಕ್ಕಿಯಾದದ್ದು ದ್ರವ್ಯ ಎಂಬುದಕ್ಕೆ ಅದು ಸಾಕ್ಷಿ. ನಮ್ಮ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ಗೆ ಆ ಹೊತ್ತಿನಲ್ಲಿ ಭೂಮಿಯೇ ಅಡ್ಡ ಬಂದಿತ್ತು. (ಹಾಸನದಲ್ಲಿ ಇಸ್ರೋ ಕೇಂದ್ರವಿರುವುದರಿಂದ ಆಸ್ಟ್ರೋಸ್ಯಾಟ್ ಇಲ್ಲಿಂದಲೇ ನಡೆಯುತ್ತದೆ ಎಂದು ಹಲವರು ತಿಳಿದಿದ್ದಾರೆ. ಇಲ್ಲಿನ ಮುಖ್ಯ ನಿಯಂತ್ರಣ ಕೇಂದ್ರ ನೋಡಿಕೊಳ್ಳುವುದು ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು. ಆಸ್ಟ್ರೋಸ್ಯಾಟ್ ಬೆಂಗಳೂರಿನದು.)

ಕಳೆದುಹೋದ ಸುಮಾರು ಹನ್ನೊಂದು ಗಂಟೆ

ಈ ಭಾಗದ ಬಗ್ಗೆ ಕರ್ನಾಟಕದಲ್ಲಿ ಯಾರೂ ಹೆಚ್ಚು ಮಾತಾಡಿಲ್ಲ. ಆಡಬೇಕು.

ಲಿವಿಂಗ್‌ಸ್ಟನ್‌ನ ಆ ಗದ್ದಲದಿಂದಾಗಿ ಸ್ವಯಂಚಾಲಿತ ತಪಾಸಣೆ ಆ ಯಂತ್ರದ ದತ್ತಾಂಶವನ್ನು ಬದಿಗಿಟ್ಟಿತು, ಹ್ಯಾನ್‌ಫರ್ಡ್ ಒಂದರಲ್ಲೇ ಎಚ್ಚರಿಕೆ ಮೂಡಿತು. ಖಗೋಳಜ್ಞರಿಗೆ ಮೊದಲ ಸುತ್ತೋಲೆ ಹೋದದ್ದು ನಮ್ಮ 6:51ಕ್ಕೆ, ಹಾಸನದಲ್ಲಿ ಸೂರ್ಯ ಮುಳುಗಿದ ಕೆಲವೇ ನಿಮಿಷಗಳ ನಂತರ. ಆದರೆ ಎಲ್ಲಿ ನೋಡಬೇಕೆಂದು ಅದು ಸರಿಯಾಗಿ ಹೇಳಲಿಲ್ಲ. ಮೂರೂ ಯಂತ್ರಗಳನ್ನು ಸೇರಿಸಿದ ಆಕಾಶನಕ್ಷೆ ಹೊರಬಂದದ್ದು ರಾತ್ರಿ 11:24ಕ್ಕೆ. ವರ್ಗೋದಲ್ಲಿ ಸಂಕೇತ ಕ್ಷೀಣವಾಗಿದ್ದುದೇ ಇಲ್ಲಿ ಸಹಾಯಕ್ಕೆ ಬಂತು: ಅಲೆ ಆ ಯಂತ್ರದ ಕುರುಡು ದಿಕ್ಕಿನ ಹತ್ತಿರದಿಂದ ಬಂದಿರಬೇಕು ಎಂದಾಯಿತು, ಹುಡುಕಬೇಕಾದ ಜಾಗ ಕೊನೆಗೆ 28 ಚದರ ಡಿಗ್ರಿಗೆ ಇಳಿಯಿತು.

ಅಷ್ಟರಲ್ಲಿ ಹಾಸನದ ಮಟ್ಟಿಗೆ ಗ್ಯಾಲಕ್ಸಿ ಮುಳುಗಿ ಸುಮಾರು ಎರಡು ಗಂಟೆಯಾಗಿತ್ತು. ನಮ್ಮ ರೇಖಾಂಶದಲ್ಲಿ ಪೂರ್ತಿ ಕತ್ತಲಾಗುವುದು 8 ಗಂಟೆಯ ಸುಮಾರಿಗೆ, ಆಗ ಗ್ಯಾಲಕ್ಸಿ 20 ಡಿಗ್ರಿ ಎತ್ತರದಲ್ಲಿತ್ತು. 9:30ರ ಹೊತ್ತಿಗೆ ದಿಗಂತ ಸೇರಿತು. ಅಂದರೆ ಸ್ಥಾನ ಗೊತ್ತಿದ್ದಿದ್ದರೆ ಕೈಯಲ್ಲಿ ಒಂದು ಗಂಟೆ ಕೆಲಸದ ಸಮಯವಿತ್ತು. ಮಲೆನಾಡಿನ ಆಗಸ್ಟ್ ಮೋಡದಲ್ಲಿ ಅದೂ ಕಷ್ಟ, ನಿಜ. ಆದರೆ ಇದೇ ರೇಖಾಂಶದಲ್ಲಿ ಮಳೆನೆರಳಿನ ಜಾಗಗಳೂ ಇವೆ.

ಬೆಳಕನ್ನು ಮೊದಲು ಹಿಡಿದದ್ದು ಚಿಲಿಯ ಲಾಸ್ ಕ್ಯಾಂಪನಾಸ್‌ನ ಸ್ವೋಪ್ ದೂರದರ್ಶಕ, 1 ಮೀಟರ್ ವ್ಯಾಸದ್ದು. ಹತ್ತಿರದ ಗ್ಯಾಲಕ್ಸಿಗಳ ಪಟ್ಟಿ ಹಿಡಿದು ಒಂದೊಂದನ್ನೇ ಚಿತ್ರಿಸುತ್ತ ಹೋದಾಗ ಒಂಬತ್ತನೇ ಚಿತ್ರದಲ್ಲಿ ಹೊಸ ಚುಕ್ಕೆ ಸಿಕ್ಕಿತು. ಡಿಕ್ಕಿಯಾಗಿ 10 ಗಂಟೆ 52 ನಿಮಿಷ ಕಳೆದಿತ್ತು, ಹಾಸನದಲ್ಲಿ ಬೆಳಗಿನ ಜಾವ 5 ಗಂಟೆ. ಮುಂದಿನ ಒಂದು ಗಂಟೆಯೊಳಗೆ ಇನ್ನೂ ಐದು ತಂಡಗಳು ಅದನ್ನೇ ಚಿತ್ರಿಸಿದವು. ಅದಕ್ಕೆ ಮುಂಚಿನ ಗೋಚರ ಬೆಳಕಿನ ಅಳತೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ. ಹೊರಪದರದಲ್ಲಿ ಯಾವ ನ್ಯೂಕ್ಲಿಯಸ್‌ಗೂ ಸಿಗದೆ ಉಳಿದ ಬಿಡಿ ನ್ಯೂಟ್ರಾನ್‌ಗಳ ಗುರುತು, ಮೊದಲ ನೀಲಿ ಹೊಳಪಿನ ಮೂಲ, ಎರಡೂ ಆ ಗಂಟೆಗಳಲ್ಲೇ ಇದ್ದವು.

ಎರಡನೇ ಕೊಂಡಿ: ಒಂದು ಸೆಕೆಂಡಿನೊಳಗಿನ ಕೆಲಸ

ನಕ್ಷತ್ರದ ಒಲೆಯಲ್ಲಿ ಕಬ್ಬಿಣದವರೆಗೆ ಬೆಸುಗೆ ಲಾಭದ ವ್ಯವಹಾರ, ಅಲ್ಲಿಂದ ಮುಂದೆ ನಷ್ಟ. ಕುದುರೆಮುಖದಲ್ಲಿ 2005ರ ಕೊನೆಯವರೆಗೆ ತೆಗೆದ ಕಬ್ಬಿಣಕ್ಕೆ 26 ಪ್ರೋಟಾನ್. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದ ಕ್ರೋಮೈಟ್ ಅದಿರಿನ ಕ್ರೋಮಿಯಂಗೆ 24. ಇವೆರಡಕ್ಕೂ ಸಾಮಾನ್ಯ ನಕ್ಷತ್ರಗಳ ಬದುಕು ಮತ್ತು ಸಾವು ಸಾಕು. ಚಿನ್ನಕ್ಕೆ 79 ಪ್ರೋಟಾನ್. ಅಷ್ಟು ಪ್ರೋಟಾನ್‌ಗಳನ್ನು ಒತ್ತಿ ಸೇರಿಸಲು ಹೋದರೆ ಅವುಗಳ ವಿದ್ಯುದಾವೇಶವೇ ತಳ್ಳಿಬಿಡುತ್ತದೆ. ದಾರಿ ಒಂದೇ: ಆವೇಶವಿಲ್ಲದ ನ್ಯೂಟ್ರಾನನ್ನು ಒಳಗೆ ಸೇರಿಸುವುದು, ಆಮೇಲೆ ಅದು ಬೀಟಾ ಕ್ಷಯದಿಂದ ಪ್ರೋಟಾನ್ ಆಗುವವರೆಗೆ ಕಾಯುವುದು.

ಇದನ್ನು ನಿಧಾನವಾಗಿಯೂ ಮಾಡಬಹುದು, ಮುದಿ ಕೆಂಪು ದೈತ್ಯ ನಕ್ಷತ್ರಗಳು ವರ್ಷಗಟ್ಟಲೆಗೆ ಒಂದೊಂದು ನ್ಯೂಟ್ರಾನ್ ಸೇರಿಸುತ್ತ ಮಾಡುತ್ತವೆ. ಆದರೆ ಆ ದಾರಿಯಲ್ಲಿ ಚಿನ್ನ ಬಹಳ ಕಡಿಮೆ. ನಮ್ಮ ಸೌರವ್ಯೂಹದ ಚಿನ್ನದಲ್ಲಿ ಶೇಕಡ 90ಕ್ಕೂ ಹೆಚ್ಚು ಬಂದಿರುವುದು ಶೀಘ್ರ ದಾರಿಯಿಂದ, ಅಂದರೆ ಮುಂದಿನ ನ್ಯೂಟ್ರಾನ್ ಬಡಿಯುವಷ್ಟರಲ್ಲಿ ಹಿಂದಿನದಕ್ಕೆ ಕ್ಷಯವಾಗಲು ಪುರುಸೊತ್ತೇ ಸಿಗದ ದಾರಿ. 1957ರಲ್ಲಿ ಬರ್ಬಿಜ್ ದಂಪತಿ, ಫೌಲರ್ ಮತ್ತು ಹಾಯ್ಲ್ ಒಂದು ಕಡೆ, ಕ್ಯಾಮರಾನ್ ಇನ್ನೊಂದು ಕಡೆ ಇದನ್ನು ವಿವರಿಸಿದರು. ಎಲ್ಲಿ ನಡೆಯುತ್ತದೆ ಎಂಬುದು ಮಾತ್ರ ದಶಕಗಳ ಕಾಲ ಬಗೆಹರಿಯಲಿಲ್ಲ.

ಡಿಕ್ಕಿಯಲ್ಲಿ ನಡೆಯುವುದು ಹೀಗೆ. ಎರಡೂ ನಕ್ಷತ್ರಗಳು ಮುಟ್ಟುವ ಮುನ್ನ ಪರಸ್ಪರ ಸೆಳೆತಕ್ಕೆ ಜಗ್ಗಿ, ಬಾಲದಂಥ ತುಣುಕುಗಳನ್ನು ಸುತ್ತುವ ಸಮತಲದಲ್ಲೇ ಎಸೆಯುತ್ತವೆ. ಮುಟ್ಟಿದ ಜಾಗದಿಂದ ಬಿಸಿ ದ್ರವ್ಯ ಮೇಲಕ್ಕೂ ಕೆಳಕ್ಕೂ ಚಿಮ್ಮುತ್ತದೆ. ಉಳಿದದ್ದು ತಟ್ಟೆಯಾಗಿ ಸುತ್ತುತ್ತ ಗಾಳಿಯಂತೆ ಹೊರಬೀಳುತ್ತದೆ. ಈ ಮೂರಕ್ಕೂ ಇರುವ ಮುಖ್ಯ ವ್ಯತ್ಯಾಸ ಪ್ರೋಟಾನ್‌ಗಳ ಪಾಲು. ಬಾಲದಲ್ಲಿ ಹತ್ತಕ್ಕೆ ಒಂದರ ಆಸುಪಾಸು ಪ್ರೋಟಾನ್, ಉಳಿದದ್ದೆಲ್ಲ ನ್ಯೂಟ್ರಾನ್. ಧ್ರುವಗಳ ಕಡೆ ಚಿಮ್ಮಿದ್ದರ ಮೇಲೆ ಬಿಸಿ ನಡುಭಾಗದ ನ್ಯೂಟ್ರಿನೋಗಳು (ಆವೇಶವಿಲ್ಲದ, ಅತಿ ಹಗುರ ಕಣಗಳು) ಸುರಿದು, ನ್ಯೂಟ್ರಾನ್‌ಗಳನ್ನು ಪ್ರೋಟಾನ್‌ಗಳಾಗಿ ಬದಲಿಸುತ್ತವೆ. ಪ್ರೋಟಾನ್ ಪಾಲು ಸುಮಾರು ಕಾಲು ಭಾಗಕ್ಕಿಂತ ಕಡಿಮೆ ಇದ್ದರೆ ಮಾತ್ರ ಕೆಲಸ ಲ್ಯಾಂಥನೈಡ್‌ಗಳನ್ನು (57ರಿಂದ 71 ಪ್ರೋಟಾನ್‌ಗಳ ಧಾತುಗಳನ್ನು) ದಾಟಿ ಚಿನ್ನ, ಪ್ಲಾಟಿನಂ, ಯುರೇನಿಯಂವರೆಗೆ ಹೋಗುತ್ತದೆ. ಹೆಚ್ಚಿದ್ದರೆ ಸ್ಟ್ರಾಂಷಿಯಂ, ಜಿರ್ಕೋನಿಯಂಗಳ ಆಸುಪಾಸಿನಲ್ಲೇ ನಿಲ್ಲುತ್ತದೆ. ಎಷ್ಟು ದ್ರವ್ಯ ಹೊರಬಿತ್ತು ಎನ್ನುವುದಕ್ಕಿಂತ ಇದು ಮುಖ್ಯ, ಮತ್ತು ಜನಪ್ರಿಯ ವಿವರಣೆಗಳಲ್ಲಿ ಬಿಟ್ಟುಹೋಗುವುದು ಇದೇ.

ಹೊರಬಿದ್ದ ದ್ರವ್ಯ ಬೆಳಕಿನ ವೇಗದ ಹತ್ತನೇ ಒಂದರಿಂದ ಮೂರನೇ ಒಂದರಷ್ಟು ವೇಗದಲ್ಲಿ ಹಿಗ್ಗುತ್ತ ತಣ್ಣಗಾಗುತ್ತದೆ. ಶುರುವಿನಲ್ಲಿ ಬಿಸಿ ಎಷ್ಟೆಂದರೆ ಯಾವ ನ್ಯೂಕ್ಲಿಯಸ್ ಕಟ್ಟಿದರೂ ಒಡೆಯುತ್ತದೆ. ಕೆಲವು ನೂರು ಕೋಟಿ ಡಿಗ್ರಿಗೆ ಇಳಿದಾಗ ಸಣ್ಣ ನ್ಯೂಕ್ಲಿಯಸ್‌ಗಳು ಕಟ್ಟಿಕೊಂಡು ಬೀಜಗಳಾಗುತ್ತವೆ. ಬಾಲದ ದ್ರವ್ಯದಲ್ಲಿ ಒಂದೊಂದು ಬೀಜದ ಪಾಲಿಗೆ ನೂರಕ್ಕೂ ಹೆಚ್ಚು ಬಿಡಿ ನ್ಯೂಟ್ರಾನ್. ಮಿಲಿಸೆಕೆಂಡಿಗಿಂತ ಎಷ್ಟೋ ಕಡಿಮೆ ಸಮಯಕ್ಕೊಂದರಂತೆ ಅವು ಬೀಜದೊಳಕ್ಕೆ ಹೋಗುತ್ತವೆ. ನ್ಯೂಕ್ಲಿಯಸ್ ಇನ್ನು ಹಿಡಿಸುವುದಿಲ್ಲ ಎಂಬಷ್ಟು ಉಬ್ಬಿದಾಗ ಒಂದು ಬೀಟಾ ಕ್ಷಯ, ಒಂದು ಮೆಟ್ಟಿಲು ಮೇಲೆ, ಮತ್ತೆ ನ್ಯೂಟ್ರಾನ್.

ಎಲ್ಲ ಮೆಟ್ಟಿಲೂ ಸಮನಲ್ಲ. ನ್ಯೂಟ್ರಾನ್ ಸಂಖ್ಯೆ 50, 82, 126 ಆದಾಗ ನ್ಯೂಕ್ಲಿಯಸ್‌ನ ಒಳಪದರಗಳು ಭರ್ತಿಯಾಗಿ, ಇನ್ನೊಂದನ್ನು ಹಿಡಿದಿಟ್ಟುಕೊಳ್ಳಲು ಒಪ್ಪುವುದಿಲ್ಲ. ಅಲ್ಲಿ ಕ್ಷಯವೂ ನಿಧಾನ. ದ್ರವ್ಯ ಅಲ್ಲಲ್ಲೇ ಜಮಾಯಿಸುತ್ತದೆ. ಇಂದು ಉಲ್ಕಾಶಿಲೆಗಳಲ್ಲಿ ಅಳೆದಾಗ 80, 130 ಮತ್ತು 195ರ ಪರಮಾಣು ತೂಕದ ಸುತ್ತ ಧಾತುಗಳು ಹೆಚ್ಚಿರುವುದು ಈ ತಡೆಗಳಿಂದಲೇ. ಸೆಲೆನಿಯಂ ಮೊದಲನೆಯದರಲ್ಲಿ, ಟೆಲುರಿಯಂ ಮತ್ತು ಅಯೋಡಿನ್ ಎರಡನೆಯದರ ಬಳಿ, ಪ್ಲಾಟಿನಂ ಮತ್ತು ಚಿನ್ನ ಮೂರನೆಯದರಲ್ಲಿ. ಚಿನ್ನದ ಮೇಲೆ ಎಲ್ಲರಿಗೂ ಕಣ್ಣು. ಆದರೆ ಅಡುಗೆಮನೆಯ ಉಪ್ಪಿನಲ್ಲಿರುವ ಅಯೋಡಿನ್ ಕೂಡ ಬಹುಪಾಲು ಇದೇ ಶೀಘ್ರ ದಾರಿಯದು, ಮತ್ತು ಥೈರಾಯ್ಡ್ ಗ್ರಂಥಿಗೆ ಅದಿಲ್ಲದೆ ನಡೆಯುವುದಿಲ್ಲ.

ಸುಮಾರು ಒಂದು ಸೆಕೆಂಡಿನಲ್ಲಿ ನ್ಯೂಟ್ರಾನ್‌ಗಳು ಮುಗಿಯುತ್ತವೆ. ಆ ಕ್ಷಣದಲ್ಲಿ ಅಲ್ಲಿ ಚಿನ್ನವೇ ಇರುವುದಿಲ್ಲ! ಇರುವುದು ಚಿನ್ನವಾಗಲಿರುವ, ನ್ಯೂಟ್ರಾನ್‌ನಿಂದ ತುಂಬಿ ತುಳುಕುವ ನ್ಯೂಕ್ಲಿಯಸ್‌ಗಳು. ಉದಾಹರಣೆಗೆ 71 ಪ್ರೋಟಾನ್ ಮತ್ತು 126 ನ್ಯೂಟ್ರಾನ್ ಇರುವ ಲುಟೇಶಿಯಂ-197 ಎಂಟು ಬೀಟಾ ಕ್ಷಯಗಳನ್ನು ದಾಟಿದರೆ 79 ಪ್ರೋಟಾನ್, 118 ನ್ಯೂಟ್ರಾನ್‌ಗಳ ಚಿನ್ನ-197 ಆಗುತ್ತದೆ. ಸ್ಥಿರವಾದ ಚಿನ್ನ ಅದೊಂದೇ. ಮೊದಲ ಹೆಜ್ಜೆಗಳು ಸರಸರನೆ ಮುಗಿಯುತ್ತವೆ, ಕೊನೆಯವು ತಡ: ಇರಿಡಿಯಂ-197ರ ಅರ್ಧಾಯು, ಅಂದರೆ ಅರ್ಧದಷ್ಟು ಕ್ಷಯಿಸಲು ಬೇಕಾದ ಸಮಯ, ಸುಮಾರು 6 ನಿಮಿಷ, ಪ್ಲಾಟಿನಂ-197ರದ್ದು ಸುಮಾರು 20 ಗಂಟೆ. ಸ್ವೋಪ್ ಮೊದಲ ಚಿತ್ರ ತೆಗೆದಾಗ ಚಿನ್ನವಾಗಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೂ ಪ್ಲಾಟಿನಂ ಆಗಿಯೇ ಇತ್ತು. ವಾರ ಕಳೆಯುವಷ್ಟರಲ್ಲಿ ಶೇಕಡ 99ಕ್ಕೂ ಹೆಚ್ಚು ಚಿನ್ನವಾಗಿತ್ತು.

ಮೂರನೇ ಕೊಂಡಿ: ಬೆಳಕು

ಈ ಕ್ಷಯಗಳ ಶಾಖವೇ ಕಿಲೊನೋವಾ ಎಂಬ ಹೊಳಪು. ಡಿಕ್ಕಿಯ ಕಾವು ಹಿಗ್ಗುವಿಕೆಯಲ್ಲೇ ತೀರಿಹೋಗುತ್ತದೆ, ದಿನಗಟ್ಟಲೆ ಬೆಳಗುವುದು ಕ್ಷಯದ ಶಾಖದಿಂದ. ಒಂದು ದಿನವಾದಾಗ ಪ್ರತಿ ಗ್ರಾಂ ಅವಶೇಷ ಹೊರಬಿಡುವುದು 1ರಿಂದ 2 ಕಿಲೋವ್ಯಾಟ್, ಮನೆಯ ಇಂಡಕ್ಷನ್ ಒಲೆಯಷ್ಟು. ಅದು ಸಮಯದ 1.3 ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ, ಹತ್ತು ದಿನಕ್ಕೆ ಇಪ್ಪತ್ತನೇ ಒಂದು ಭಾಗ. ಯಾವುದೋ ಒಂದೇ ಧಾತು ಕ್ಷಯಿಸುತ್ತಿದ್ದರೆ ಹೊಳಪು ಅದರದೇ ಅರ್ಧಾಯುವಿಗೆ ತಕ್ಕಂತೆ ಇಳಿಯಬೇಕಿತ್ತು. ನೂರಾರು ಬಗೆಯ ನ್ಯೂಕ್ಲಿಯಸ್‌ಗಳು ಒಟ್ಟಿಗೆ ಕ್ಷಯಿಸಿದರೆ ಮಾತ್ರ ಈ ಘಾತ ನಿಯಮ ಬರುತ್ತದೆ. ಆಗಸ್ಟ್ 18ರಿಂದ ಅಳೆದ ಹೊಳಪು ಬಹುಮಟ್ಟಿಗೆ ಹೀಗೆಯೇ ಇಳಿಯಿತು.

ಇದರಿಂದ ತೂಕ ತೆಗೆಯುವುದು ಭಾಗಾಕಾರ ಅಷ್ಟೇ. ಒಂದು ದಿನದ ಹೊತ್ತಿಗೆ ಒಟ್ಟು ಹೊಳಪು ಸುಮಾರು 5 × 10³⁴ ವ್ಯಾಟ್. ಗ್ರಾಂಗೆ 1000 ವ್ಯಾಟ್‌ನಂತೆ ಭಾಗಿಸಿದರೆ 5 × 10³¹ ಗ್ರಾಂ. ಸೂರ್ಯ 2 × 10³³ ಗ್ರಾಂ, ಆದ್ದರಿಂದ ಸೂರ್ಯನ ನಲವತ್ತನೇ ಒಂದು ಭಾಗ. ಒಂದಷ್ಟು ಶಾಖವನ್ನು ನ್ಯೂಟ್ರಿನೋ ಮತ್ತು ಗಾಮಾ ಕಿರಣಗಳು ಬೆಳಕಾಗಿಸದೆ ಹೊತ್ತೊಯ್ಯುತ್ತವೆ, ಒಳಪದರಗಳ ಬೆಳಕು ತಡವಾಗಿ ಹೊರಬರುತ್ತದೆ. ಇವನ್ನು ಸೇರಿಸಿ ಮಾಡಿದ ಪೂರ್ಣ ಲೆಕ್ಕಗಳು 0.03ರಿಂದ 0.05 ಸೂರ್ಯರಷ್ಟು ಎನ್ನುತ್ತವೆ. ಮೇಲಿನ ಅಂಕಿ ಹಿಡಿದರೆ ಭೂಮಿಯ 16,000ಕ್ಕೂ ಹೆಚ್ಚು ಪಟ್ಟು.

ಬಣ್ಣ ಇನ್ನೊಂದು ಕಥೆ ಹೇಳಿತು. ಅರ್ಧ ದಿನಕ್ಕೆ ಹೊಳಪು ನೀಲಿ, ಸುಮಾರು 11,000 ಕೆಲ್ವಿನ್ ಬಿಸಿ. ಇನ್ನೊಂದು ದಿನದಲ್ಲಿ 5,000ಕ್ಕೆ ಕುಸಿಯಿತು. ನೀಲಿ ಕೆಲವೇ ದಿನಗಳಲ್ಲಿ ಆರಿ, ಅವಕೆಂಪು ಬೆಳಕು ವಾರಗಳ ಕಾಲ ಉಳಿಯಿತು. ಲ್ಯಾಂಥನೈಡ್ ಪರಮಾಣುಗಳಲ್ಲಿ ಇಲೆಕ್ಟ್ರಾನ್‌ಗಳ ಜೋಡಣೆ ಬಲು ಸಿಕ್ಕಲು, ಲೆಕ್ಕವಿಲ್ಲದಷ್ಟು ರೋಹಿತ ಗೆರೆಗಳು. ಅವು ನೀಲಿ ಬೆಳಕನ್ನು ತಡೆದು ನಿಲ್ಲಿಸುತ್ತವೆ, ಕಬ್ಬಿಣದ ಮೋಡಕ್ಕಿಂತ ಹತ್ತರಿಂದ ನೂರು ಪಟ್ಟು ಹೆಚ್ಚು ಬಿಗಿಯಾಗಿ. ಹಾಗಾಗಿ ದೀರ್ಘ ಕೆಂಪು ಎಂದರೆ ಒಳಗೆ ಲ್ಯಾಂಥನೈಡ್ ಇದೆ ಎಂದು ಅರ್ಥ. ಲ್ಯಾಂಥನೈಡ್ ಆಗುವಷ್ಟು ನ್ಯೂಟ್ರಾನ್ ಇತ್ತೆಂದರೆ ಮೂರನೇ ತಡೆಯವರೆಗೂ ಹೋಗಿರುವ ಸಂಭವ ಬಲವಾಗಿದೆ. ಚಿನ್ನ ಈ ಪ್ರಕರಣದೊಳಗೆ ಬರುವುದು ಈ ಬಾಗಿಲಿನಿಂದ. ಸೌರವ್ಯೂಹದ ಧಾತು ಅನುಪಾತವನ್ನೇ ಇಲ್ಲಿಗೂ ಹೊಂದಿಸಿ ಮಾಡಿದ ಒಂದು ಅಂದಾಜು ಭೂಮಿಯ 3ರಿಂದ 13 ಪಟ್ಟು ಚಿನ್ನ ಎನ್ನುತ್ತದೆ. ಆ ಹೊಂದಿಕೆ ಒಂದು ಊಹೆ ಎಂಬುದನ್ನು ಮರೆತು ಅಂಕಿಯನ್ನಷ್ಟೇ ಹಂಚುವುದು ಸರಿಯಲ್ಲ.

ಹೆಸರು ಹಿಡಿದು ಗುರುತಿಸಿದ ಧಾತು ಯಾವುದು? ಸ್ಟ್ರಾಂಷಿಯಂ. ಚಿಲಿಯ ವಿಎಲ್‌ಟಿ ದೂರದರ್ಶಕದ ರೋಹಿತದಲ್ಲಿ 800 ನ್ಯಾನೋಮೀಟರ್ ಸುತ್ತ ಇದ್ದ ಅಗಲವಾದ ತಗ್ಗನ್ನು 2019ರಲ್ಲಿ ಹಾಗೆ ಓದಲಾಯಿತು. ದ್ರವ್ಯ ಅಷ್ಟು ವೇಗವಾಗಿ ಹಿಗ್ಗುವಾಗ ಡಾಪ್ಲರ್ ಪರಿಣಾಮದಿಂದ ಪ್ರತಿ ಗೆರೆಯೂ ಹಲವು ಹತ್ತು ನ್ಯಾನೋಮೀಟರ್ ಹರಡುತ್ತದೆ, ಅಕ್ಕಪಕ್ಕದ ಗೆರೆಗಳು ಬೆರೆತುಹೋಗುತ್ತವೆ. ಕೆಲವೇ ಬಲವಾದ ಗೆರೆಗಳಿರುವ ಸ್ಟ್ರಾಂಷಿಯಂ ಆ ರಾಶಿಯಲ್ಲೂ ಎದ್ದು ಕಾಣುತ್ತದೆ, ಚಿನ್ನಕ್ಕೆ ಆ ಅನುಕೂಲವಿಲ್ಲ. 2023ರ ಮಾರ್ಚ್ 7ರ ಗಾಮಾ ಸ್ಫೋಟದ ನಂತರ ಜೇಮ್ಸ್ ವೆಬ್ ದೂರದರ್ಶಕಕ್ಕೆ 2.15 ಮೈಕ್ರಾನ್ ಬಳಿ ಟೆಲುರಿಯಂನದೆಂದು ಓದಲಾದ ಗೆರೆ ಸಿಕ್ಕಿತು. ಎರಡನೇ ತಡೆಯವರೆಗೆ ಸಾಕ್ಷಿ ಬಂದಂತಾಯಿತು, ಮೂರನೆಯದು ಬಾಕಿ.

ಒಂದೇ ಪ್ರಕರಣದ ಮಿತಿ

ಜಗತ್ತಿನ ಚಿನ್ನವೆಲ್ಲ ಇಂಥ ಡಿಕ್ಕಿಗಳಿಂದಲೇ ಬಂತೇ ಎಂಬುದಕ್ಕೆ ಈ ಘಟನೆಯೊಂದೇ ಉತ್ತರವಾಗದು. ಪರವಾದ ಸಾಕ್ಷಿ ರೆಟಿಕ್ಯುಲಮ್ 2 ಎಂಬ ಕುಬ್ಜ ಗ್ಯಾಲಕ್ಸಿ: 2016ರಲ್ಲಿ ಪರೀಕ್ಷಿಸಿದ ಅದರ ಒಂಬತ್ತು ನಕ್ಷತ್ರಗಳಲ್ಲಿ ಏಳರಲ್ಲಿ ಶೀಘ್ರ ದಾರಿಯ ಧಾತುಗಳು ಹೇರಳ. ಅಪರೂಪದ, ಆದರೆ ಒಮ್ಮೆಗೇ ಬಹಳಷ್ಟು ಸುರಿಯುವ ಘಟನೆಯೊಂದು ಅಲ್ಲಿ ನಡೆದಿರಬೇಕು. ವಿರುದ್ಧವಾದ ತೊಡಕೆಂದರೆ ಸಮಯ. ಎರಡು ನ್ಯೂಟ್ರಾನ್ ನಕ್ಷತ್ರಗಳು ಸುತ್ತಿ ಸುತ್ತಿ ಡಿಕ್ಕಿಯಾಗಲು ಕೋಟಿಗಟ್ಟಲೆ ವರ್ಷ ಬೇಕು, ಆದರೆ ತೀರಾ ಹಳೆಯ ನಕ್ಷತ್ರಗಳಲ್ಲೂ ಶೀಘ್ರ ದಾರಿಯ ಧಾತುವಾದ ಯುರೋಪಿಯಂ ಸಿಗುತ್ತದೆ. ಬೇಗ ಕೆಲಸ ಮಾಡುವ ಇನ್ನೊಂದು ಮೂಲ ಇರಬೇಕು. 2004ರ ಡಿಸೆಂಬರ್‌ನಲ್ಲಿ ಮ್ಯಾಗ್ನೆಟಾರ್ (ಅತಿ ಬಲವಾದ ಕಾಂತಕ್ಷೇತ್ರವಿರುವ ನ್ಯೂಟ್ರಾನ್ ನಕ್ಷತ್ರ) ಒಂದು ಭಾರೀ ಜ್ವಾಲೆ ಕಾರಿದ ನಂತರ ದಾಖಲಾದ ಗಾಮಾ ಕಿರಣಗಳನ್ನು 2025ರಲ್ಲಿ ಮತ್ತೆ ಓದಿದಾಗ, ಅವು ಅಲ್ಲೇ ಹುಟ್ಟಿದ ಭಾರ ಧಾತುಗಳ ಕ್ಷಯಕ್ಕೆ ಹೊಂದಿದವು. ಆ ಲೆಕ್ಕದಲ್ಲಿ ಮ್ಯಾಗ್ನೆಟಾರ್‌ಗಳ ಪಾಲು ಶೇಕಡ 1ರಿಂದ 10.

ಬೇಕಾಗಿರುವುದು ಬೆಳಕಿನೊಂದಿಗೆ ಸಿಗುವ ಇನ್ನಷ್ಟು ಡಿಕ್ಕಿಗಳು. 2019ರ ಏಪ್ರಿಲ್ 25ರಂದು ಒಂದು ಸಿಕ್ಕಿತು, ಒಟ್ಟು ತೂಕ ಸುಮಾರು 3.4 ಸೂರ್ಯರಷ್ಟು. ಹ್ಯಾನ್‌ಫರ್ಡ್ ಯಂತ್ರ ಆಗ ನಿಂತಿತ್ತು. ಹುಡುಕಬೇಕಾದ ಜಾಗ 8,000 ಚದರ ಡಿಗ್ರಿ ಮೀರಿತು, ಬೆಳಕು ಯಾರಿಗೂ ಸಿಗಲಿಲ್ಲ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ 2,600 ಕೋಟಿ ರೂಪಾಯಿ ವೆಚ್ಚದ ಲೈಗೋ-ಇಂಡಿಯಾಕ್ಕೆ 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿರುವುದರ ಮಹತ್ವ ಇಲ್ಲಿದೆ. 4 ಕಿಲೋಮೀಟರ್ ತೋಳುಗಳ ಆ ಯಂತ್ರ ಅಮೆರಿಕದ ಎರಡೂ ಯಂತ್ರಗಳಿಂದ ಭೂಮಿಯ ಇನ್ನೊಂದು ಬದಿಯಲ್ಲಿರುತ್ತದೆ. ಅಲೆ ತಲುಪುವ ಸಮಯದ ಅಂತರ ಹೆಚ್ಚಿದಷ್ಟೂ ದಿಕ್ಕು ನಿಖರವಾಗುತ್ತದೆ, ಮತ್ತು ಒಂದು ಯಂತ್ರ ಕೆಟ್ಟು ಕೂತರೂ ಆಕಾಶನಕ್ಷೆ ನಿಮಿಷಗಳಲ್ಲಿ ಹೊರಬರುತ್ತದೆ. ದಕ್ಷಿಣ ಭಾರತದ ದೂರದರ್ಶಕಗಳಿಗೆ ಮೊದಲ ಎರಡು ಮೂರು ಗಂಟೆಗಳ ಬೆಳಕು ಹಿಡಿಯಲು ಬೇಕಾದದ್ದು ಅದೇ.